ಜಲಶೂರ ಮತ್ತು ಏಳು ಕೆ.ಜಿ. ಪ್ರೆಷರ್

"ನೋಡ್ರಿ ಮಾವಾರ, ಇದು ಸುಳ್ಳು ಹೇಳೂದಿಲ್ಲ, ಸುಳ್ಳು ಕೇಳೂದೂ ಇಲ್ಲ!" ಎಂದು ಪಂಪಾಪತಿ ಯಂತ್ರಕ್ಕೆ ಹೊದಿಸಿದ್ದ ಹಳೆಯ ಚಾದರವನ್ನು ಸರಕ್ಕನೆ ಎಳೆದಾಗ ಚನ್ನಮಲ್ಲಪ್ಪನ ಎದೆ ಧಸಕ್ಕೆಂದಿತು. ಸುಳ್ಳು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಹನ್ನೊಂದು ವರ್ಷದಿಂದ ಅವನ ಎದೆ ಹೀಗೇ ಮಾಡುತ್ತಿತ್ತು.

ಚನ್ನಮಲ್ಲಪ್ಪ ಹುಬ್ಬಳ್ಳಿಯ ಬಟ್ಟೆಪೇಟೆಯಲ್ಲಿರುವ ಮೂರಂತಸ್ತಿನ ಕಾಂಪ್ಲೆಕ್ಸೊಂದರ ಮೇಲ್ವಿಚಾರಕ. ನಲವತ್ತೆರಡು ಅಂಗಡಿ, ಒಂಬತ್ತು ಹೈಡ್ರಂಟು. ಬೆಂಕಿ ಬಿದ್ದಾಗ ನೀರು ಕೊಡಬೇಕಾದ ಆ ಕೆಂಪು ಕೊಳಾಯಿಗಳನ್ನು ತಿಂಗಳಿಗೊಮ್ಮೆ ತೆರೆದು, ಪ್ರೆಷರ್ ಅಳೆದು, ರಿಜಿಸ್ಟರಿನಲ್ಲಿ ಬರೆಯುವುದು ಅವನ ಕೆಲಸ. ಬರೆಯುವುದನ್ನು ಅವನು ಒಂದು ತಿಂಗಳೂ ತಪ್ಪಿಸಿದವನಲ್ಲ. ತೆರೆಯುವುದನ್ನು ಮಾತ್ರ ಬಿಟ್ಟಿದ್ದ.

ಅದಕ್ಕೂ ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ ಪರೀಕ್ಷೆ ಮಾಡುವಾಗ ಪೈಪಿನ ಜಾಯಿಂಟು ಬಿಚ್ಚಿಕೊಂಡು ಕೆಳಗಿನ ಅಂಗಡಿಯ ಇಳಕಲ್ ಸೀರೆಗಳೆಲ್ಲ ತೊಯ್ದಿದ್ದವು. ಆ ಅಂಗಡಿಯ ಸಾವುಕಾರರು ನಡು ಪೇಟೆಯಲ್ಲಿ ನಿಲ್ಲಿಸಿ ಬೈದ ಬೈಗುಳ ಅವನಿಗೆ ಇನ್ನೂ ಕನಸಿನಲ್ಲಿ ಕೇಳಿಸುತ್ತಿತ್ತು. ಅವತ್ತೇ ನೆಲಮಾಳಿಗೆಗೆ ಇಳಿದು ದೊಡ್ಡ ವಾಲ್ವನ್ನು ಬಿಗಿಯಾಗಿ ತಿರುಗಿಸಿ ಮುಚ್ಚಿಬಿಟ್ಟ. ಅಂದಿನಿಂದ ರಿಜಿಸ್ಟರಿನಲ್ಲಿ ಒಂಬತ್ತೂ ಹೈಡ್ರಂಟಿಗೆ ಪ್ರತಿ ತಿಂಗಳೂ ನಿಯಮ ಕೇಳುವ ಏಳು ಕೆ.ಜಿ. ಪ್ರೆಷರ್. ಆಯುಧಪೂಜೆಯ ದಿನ ಮಾತ್ರ ಅವಕ್ಕೆ ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ದೂರದಿಂದಲೇ ಕೈಮುಗಿದು ಬರುತ್ತಿದ್ದ.

ಇವತ್ತು ಹನ್ನೆರಡು ಗಂಟೆಗೆ ಅಗ್ನಿಶಾಮಕ ಠಾಣೆಯ ಹೊಸ ಅಧಿಕಾರಿ ಮುಳಗುಂದ ಮೇಡಂ ತಪಾಸಣೆಗೆ ಬರುವವರಿದ್ದರು. ಹಿಂದಿನವರು ರಿಜಿಸ್ಟರ್ ನೋಡಿ ಹೋಗುತ್ತಿದ್ದರು, ಈಕೆ ನೀರು ನೋಡುತ್ತಾರಂತೆ. ಮೂರು ದಿನದಿಂದ ಚನ್ನಮಲ್ಲಪ್ಪನಿಗೆ ಒಂದೇ ಲೆಕ್ಕ. ಸುಳ್ಳು ಹೊರಬಿದ್ದರೆ ಕೆಲಸ ಹೋಗುವುದು ಒಂದು ಕಡೆ, ಪೇಟೆಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ಇದೊಂದೂ ತಿಳಿಯದ ಹೆಂಡತಿಯ ತಮ್ಮ, ಮೋಟಾರು ರೀವೈಂಡಿಂಗ್ ಅಂಗಡಿಯ ಪಂಪಾಪತಿ, ಮಾವನಿಗೆ ಉಪಕಾರ ಮಾಡುತ್ತೇನೆಂದು ಈ ಯಂತ್ರವನ್ನು ಎಳೆದುಕೊಂಡು ಬಂದಿದ್ದ. ಹೆಸರು ಜಲಶೂರ. ನಾಲ್ಕು ಗಾಲಿ, ಎರಡು ಕೈ, ಓದಲು ಎರಡು ಕ್ಯಾಮೆರಾ ಕಣ್ಣು, ಹೊಟ್ಟೆಯಲ್ಲಿ ಒಂದು ಮಹಾ ಪಂಪು. ಧ್ವನಿ ಮಾತ್ರ ಪಂಪಾಪತಿಯ ಅಕ್ಕನದು, ಅಂದರೆ ಚನ್ನಮಲ್ಲಪ್ಪನ ಸ್ವಂತ ಹೆಂಡತಿ ನೀಲಗಂಗವ್ವನದು.

"ನಿನ್ನೆ ಸಂಜೀಕ ನಿಮ್ಮ ರಿಜಿಸ್ಟರ್ ಪೂರಾ ಓದಿಸೇನಿ" ಎಂದ ಪಂಪಾಪತಿ. "ಸರಿ ಅಂದ್ರ ಹೆಂಗಿರತೈತಿ ಅನ್ನೂದು ಅದಕ್ಕ ತಿಳದೈತಿ. ಅದರಾಗ ಬರದಂಗ ಆಗೂತನಕ ಬಿಡೂದಿಲ್ಲ."

"ಪೂರಾ ಅಂದ್ರ ಎಲ್ಲೀತನಕ?"

"ಕಡೇ ಪುಟದತನಕ."

ಚನ್ನಮಲ್ಲಪ್ಪ ಮನಸ್ಸಿನಲ್ಲೇ ತಿಂಗಳು ಎಣಿಸಿದ. ನಡೆಯುತ್ತಿದ್ದುದು ಜುಲೈ. ಆದರೆ ಹೋದ ತಿಂಗಳು ಒಂದು ಮಧ್ಯಾಹ್ನ ಬಿಡುವಿದೆಯಲ್ಲ ಎಂದು ಅವನು ಮುಂದಿನ ಮಾರ್ಚಿನವರೆಗೆ, ತನ್ನ ನಿವೃತ್ತಿಯ ದಿನದವರೆಗೆ, ಎಲ್ಲ ಪುಟಗಳನ್ನೂ ಒಂದೇ ಪೆನ್ನಿನಲ್ಲಿ ತುಂಬಿಟ್ಟಿದ್ದ! ಇವತ್ತು ಬೇಡ, ನಾಳೆ ನೋಡೋಣ, ಮೊದಲು ಇದನ್ನು ನಿಲ್ಲಿಸು ಎಂದು ಅಂಗಲಾಚಿದ. ನಿಲ್ಲಿಸುವ ಬಟನ್ ಇಟ್ಟರೆ ಮನುಷ್ಯ ನಡುವೆ ಕೈ ಹಾಕುತ್ತಾನೆ, ಅದಕ್ಕೇ ಇಟ್ಟಿಲ್ಲ, ರಿಜಿಸ್ಟರ್ ಮುಗಿದರೆ ತಾನೇ ನಿಲ್ಲುತ್ತದೆ ಎಂದು ಪಂಪಾಪತಿ ಹೆಮ್ಮೆಯಿಂದ ಹೇಳುವಷ್ಟರಲ್ಲಿ ಜಲಶೂರ ಗುರ್ರೆಂದು ಹೊರಟೇಬಿಟ್ಟಿತು.

ಮೊದಲ ಹೈಡ್ರಂಟನ್ನು ತಿರುಗಿಸಿತು. ಒಂದು ಹಿಡಿ ಧೂಳು ಬಿತ್ತು. ಹಿಂದೆಯೇ ಒಂದು ಜಿರಲೆ ಇಳಿದು, ಬೆಳಕಿಗೆ ಹೆದರಿ, ಮತ್ತೆ ಒಳಗೆ ಹೋಯಿತು.

"ಏಳು ಇಲ್ಲ. ಯಾಕ ಇಲ್ಲ?" ಎಂದಿತು ಯಂತ್ರ. ಗಂಡ ಸಂತೆಯಿಂದ ಬರಿಗೈಲಿ ಬಂದಾಗ ನೀಲಗಂಗವ್ವ ಕೇಳುವುದೂ ಇದೇ ರಾಗದಲ್ಲಿ. ಚನ್ನಮಲ್ಲಪ್ಪ ತಲೆ ಎತ್ತಿ ನೋಡಿದ. ಮೇಲಿನ ಅಂತಸ್ತಿನಿಂದ ಹೊಲಿಗೆ ತರಬೇತಿಗೆ ಬಂದ ಹೆಣ್ಣುಮಕ್ಕಳ ನಗು ಕೇಳಿಬರುತ್ತಿತ್ತು. ಸುತ್ತ ಎಲ್ಲ ಬಟ್ಟೆಯೇ. ಇಷ್ಟು ವರ್ಷದಲ್ಲಿ ಎಂದಾದರೊಮ್ಮೆ ಒಂದು ಕಿಡಿ ಬಿದ್ದಿದ್ದರೆ ಈ ಕೊಳಾಯಿಯಿಂದ ಬರುತ್ತಿದ್ದದ್ದು ಆ ಜಿರಲೆ ಒಂದೇ. ಅಲ್ಲಿಯವರೆಗೆ ಮೇಡಂಗೆ ಹೆದರುತ್ತಿದ್ದವನಿಗೆ ಈಗ ತನ್ನ ಕೈಬರಹಕ್ಕೇ ಹೆದರಿಕೆಯಾಯಿತು.

ಯಂತ್ರ ನೆಲಮಾಳಿಗೆಗೆ ಇಳಿದು, ತುಕ್ಕು ಹಿಡಿದ ವಾಲ್ವನ್ನು ಕಿರ್ರೆನ್ನಿಸಿ ತೆರೆದು, ಕಾಂಪ್ಲೆಕ್ಸಿನ ಪಂಪು ಚಾಲೂ ಮಾಡಿತು. ಪ್ರೆಷರ್ ಮೂರೂವರೆ ಬಂತು. ರಿಜಿಸ್ಟರಿನಲ್ಲಿರುವುದು ಏಳು! ತನ್ನ ಹೊಟ್ಟೆಯ ಪಂಪನ್ನೂ ಜೋಡಿಸಿ ದಬ್ಬಿತು. ಗೋಡೆಯೊಳಗಿನ ಪೈಪುಗಳು ಗುಡುಗಿದವು. ಒಂದೊಂದು ಜಾಯಿಂಟಿನಿಂದಲೂ ಕಾರಂಜಿ ಎದ್ದಿತು, ಒಂಬತ್ತೂ ಹೈಡ್ರಂಟಿನಿಂದ ಕೆಮ್ಮಣ್ಣಿನ ಬಣ್ಣದ ನೀರು ಭೋರ್ಗರೆಯಿತು. ಮತ್ತೆ ಸೀರೆಗಳು, ಮತ್ತೆ ಅದೇ ಸಾವುಕಾರರು ಎಂದು ಚನ್ನಮಲ್ಲಪ್ಪ ಕಂಬವನ್ನು ತಬ್ಬಿಕೊಂಡು ಕಣ್ಣು ಮುಚ್ಚಿದ.

ರಿಜಿಸ್ಟರಿನಲ್ಲಿ "ಹೈಡ್ರಂಟಿನ ಪಕ್ಕದ ಪೈಪಿನ ಪೆಟ್ಟಿಗೆಗಳಲ್ಲಿ ಪೈಪು ಬಿಟ್ಟು ಬೇರೇನೂ ಇಲ್ಲ, ಸ್ವಚ್ಛ" ಎಂದೂ ಬರೆದಿತ್ತಲ್ಲ. ಯಂತ್ರ ಪೆಟ್ಟಿಗೆಗಳನ್ನು ತೆರೆದು ಅಂಗಡಿಯವರು ತುಂಬಿಟ್ಟಿದ್ದ ಕಸಬರಿಗೆ, ಬುತ್ತಿ ಡಬ್ಬಿ, ಸೀರೆ ಉಡಿಸುವ ಗೊಂಬೆಗಳ ಮುರಿದ ಕೈಗಳನ್ನು ಒಂದೊಂದಾಗಿ ಅಂಗಳಕ್ಕೆ ಎಸೆಯಿತು. ಅಣಕು ಕವಾಯತಿನ ಕಾಲಂನಲ್ಲಿ "ನಾಲ್ಕು ನಿಮಿಷದಲ್ಲಿ ಎಲ್ಲರೂ ಹೊರಗೆ ಬಂದರು" ಎಂದೂ ಬರೆದಿತ್ತು. ಅದು ಪೈಪು ಹಿಡಿದು ಒಂದೊಂದೇ ಅಂಗಡಿಗೆ ನುಗ್ಗಿತು. ಮೀಟರು ಕೋಲು ಕೈಯಲ್ಲಿ ಹಿಡಿದವರು, ಅರ್ಧ ಸೀರೆ ಹೆಗಲ ಮೇಲೆ ಹಾಕಿ ನೋಡುತ್ತಿದ್ದ ಗಿರಾಕಿಗಳು, ಹೊಲಿಗೆಯ ಹುಡುಗಿಯರು, ಸಾವುಕಾರರು, ಎಲ್ಲರೂ ತೊಪ್ಪನೆ ತೊಯ್ದು ಬೀದಿಗೆ ಬಿದ್ದರು.

ಸರಿಯಾಗಿ ಹನ್ನೆರಡಕ್ಕೆ ಮುಳಗುಂದ ಮೇಡಂ ಜೀಪಿನಿಂದ ಇಳಿದರು. ಗಡಿಯಾರ ನೋಡಿದರು, ಜನರನ್ನು ನೋಡಿದರು, ಮೂರನೇ ಅಂತಸ್ತಿನವರೆಗೆ ಚಿಮ್ಮುವ ನೀರನ್ನು ನೋಡಿದರು. ಒಂಬತ್ತೂ ಕಡೆ ಏಳು ಕೆ.ಜಿ. ಇಡೀ ಜಿಲ್ಲೆಯಲ್ಲಿ ಇಂಥ ತಯಾರಿ ಕಂಡಿಲ್ಲ ಎಂದು ಅವರು ಮೆಚ್ಚಿ ನುಡಿದಾಗ ಚನ್ನಮಲ್ಲಪ್ಪನಿಗೆ ಹೋದ ಜೀವ ಬಂದಂತಾಯಿತು.

ಆಗ ಒಳಗಿನಿಂದ ನೀಲಗಂಗವ್ವನ ಧ್ವನಿ ಕೇಳಿತು. "ಜುಲೈ ಮುಗೀತು. ಆಗಸ್ಟ್ ಚಾಲೂ."

ಮತ್ತೆ ನೀರು ಚಿಮ್ಮಿತು. ಜನ ಇನ್ನೂ ಬೀದಿಯಲ್ಲೇ ಇದ್ದುದರಿಂದ ಯಂತ್ರ ಅವರನ್ನು ಅಟ್ಟಿ ಒಳಗೆ ತುಂಬಿ, ನಾಲ್ಕು ನಿಮಿಷದಲ್ಲಿ ಮತ್ತೆ ಹೊರಗೆ ಹಾಕಿತು. ಸೆಪ್ಟೆಂಬರಿನಲ್ಲಿ ಸಾವುಕಾರರು ಒಂದು ಚಪ್ಪಲಿ ಕಳೆದುಕೊಂಡರು, ನವೆಂಬರಿನಲ್ಲಿ ಇನ್ನೊಂದು. ಡಿಸೆಂಬರಿನ ಹೊತ್ತಿಗೆ ಜನ ಹೇಳದೆಯೇ ಸಾಲಾಗಿ ಒಳಗೆ ಹೋಗಿ ಸಾಲಾಗಿ ಹೊರಗೆ ಬರುತ್ತಿದ್ದರು.

"ಏನ್ರಿ ಯಜಮಾನ್ರ, ನಾವು ಇನ್ನೂ ಜುಲೈದಾಗ ಅದೀವಲ್ಲ?" ಎಂದರು ಮೇಡಂ ಮೆಲ್ಲಗೆ.

ಅಷ್ಟರಲ್ಲಿ ಯಂತ್ರ ಚನ್ನಮಲ್ಲಪ್ಪನ ಮುಂದೆಯೇ ಬಂದು ನಿಂತು, "ಮಾರ್ಚ್ ಮೂವತ್ತೊಂದು. ನಿವೃತ್ತಿ. ಕೀಲಿ ಒಪ್ಪಿಸಿದೆ" ಎಂದು ಕಡೆಯ ಸಾಲು ಓದಿತು. ಅವನ ಸೊಂಟದಲ್ಲಿದ್ದ ಕೀಲಿಗೊಂಚಲನ್ನು ಕಿತ್ತುಕೊಂಡು ಮೇಡಂ ಕೈಗೆ ಇಟ್ಟು, ಅವನ ಕೊರಳಿಗೆ ಪೆಟ್ಟಿಗೆಯೊಂದರಲ್ಲಿ ಸಿಕ್ಕ ಒಣಗಿದ ಚೆಂಡುಹೂವಿನ ಮಾಲೆ ಹಾಕಿ, ತಣ್ಣಗೆ ನಿಂತಿತು. ರಿಜಿಸ್ಟರ್ ಮುಗಿದಿತ್ತು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅವನು ವಾಲ್ವು ಮುಚ್ಚಿದ್ದನ್ನೂ ಏಳು ಬರೆದದ್ದನ್ನೂ ಎಲ್ಲರೆದುರು ಒಪ್ಪಿಕೊಂಡ. ಸಾವುಕಾರರು ಬೈಯಲು ಬಾಯಿ ತೆರೆದರು. ಪೈಪಿನ ಪೆಟ್ಟಿಗೆಯಿಂದ ಬಂದ, ಅವರದೇ ಹೆಸರು ಕೆತ್ತಿದ್ದ ಬುತ್ತಿ ಡಬ್ಬಿಯನ್ನು ಮೇಡಂ ಎತ್ತಿ ತೋರಿಸಿದಾಗ ಬಾಯಿ ಮುಚ್ಚಿದರು. ಕಾಂಪ್ಲೆಕ್ಸಿಗೆ ನೋಟಿಸು ಅಂಟಿತು, ಪೈಪುಗಳ ದುರಸ್ತಿಗೆ ಒಂದು ತಿಂಗಳ ಗಡುವು ಸಿಕ್ಕಿತು. ಮೇಡಂ ಕೀಲಿಗೊಂಚಲನ್ನು ಅವನ ಅಂಗೈಗೆ ಹಾಕಿದರು.

"ಮಾರ್ಚಿಗೆ ಇನ್ನೂ ಎಂಟು ತಿಂಗಳ ಐತ್ರಿ. ಅಲ್ಲೀತನಕ ನಿಮ್ಮ ಕೈಲೇ ತಗೀರಿ, ನಿಮ್ಮ ಕಣ್ಣಿಲೇ ನೋಡ್ರಿ."

ಪೈಪುಗಳ ದುರಸ್ತಿ ಮುಗಿದು, ಆಗಸ್ಟ್ ಒಂದರಂದು ಚನ್ನಮಲ್ಲಪ್ಪ ಮೊದಲ ಹೈಡ್ರಂಟನ್ನು ತಾನೇ ತಿರುಗಿಸಿದ. ನೀರು ಬಂತು, ಒಂದು ಜಾಯಿಂಟೂ ಬಿಚ್ಚಲಿಲ್ಲ. ಪ್ರೆಷರ್ ಮೂರೂವರೆ ಇತ್ತು. ಹೊಸ ರಿಜಿಸ್ಟರಿನ ಮೊದಲ ಪುಟದಲ್ಲಿ ಮೂರೂವರೆ ಎಂದೇ ಬರೆದು, ಹೊಸ ಪಂಪು ಬೇಕೆಂದೂ ಕೆಳಗೆ ಸೇರಿಸಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಹಗುರಾಗಿ ಉಸಿರು ಬಿಟ್ಟ.

ಮೂಲೆಯಲ್ಲಿ ಚಾದರ ಹೊದ್ದು ನಿಂತಿದ್ದ ಜಲಶೂರ ಚಾದರ ಸರಿಸಿ, ಕಟಕಟ ಎಂದು ಕಣ್ಣು ಬಿಟ್ಟು ಆ ಪುಟವನ್ನು ಓದಿತು.

"ಏಳು ಇಲ್ಲ. ತಪ್ಪು ಬರದೀರಿ" ಎಂದಿತು ನೀಲಗಂಗವ್ವನ ಧ್ವನಿಯಲ್ಲಿ.