ಪಿಕಪ್ಪಿನೊಳಗೊಂದು ಕೊಡೆ

ಊರಿನಲ್ಲಿ ಮಳೆ ನಿಂತ ಮೇಲೂ ನಿಂಗರಾಜುವಿನ ಪಿಕಪ್ಪಿನೊಳಗೆ ಕಾಲು ಗಂಟೆ ಮಳೆ ಬರುತ್ತಿತ್ತು. ಅದೂ ಎಲ್ಲರಿಗೂ ಬರುತ್ತಿತ್ತೆ? ಇಲ್ಲ. ಡ್ರೈವರ್ ಸೀಟಿನಲ್ಲಿ ಕೂತ ನಿಂಗರಾಜುವಿಗೆ ಒಂದು ಹನಿಯೂ ಇಲ್ಲ. ಎಡಗಡೆ ಕೂತ ಹೆಂಡತಿ ನೇತ್ರಾವತಿಗೆ ಮಾತ್ರ ಕತ್ತಿನಿಂದ ಸೊಂಟದವರೆಗೆ ಅಭಿಷೇಕ. ಹೀಗೆ ಆಳು ನೋಡಿ ಸುರಿಯುವ ಮಳೆಯನ್ನು ಹವಾಮಾನ ಇಲಾಖೆಯವರೂ ಕಂಡಿರಲಿಕ್ಕಿಲ್ಲ.

ದಾವಣಗೆರೆ ಎಂ.ಸಿ.ಸಿ. ‘ಬಿ’ ಬ್ಲಾಕಿನ ನಿಂಗರಾಜು ಮಂಡಕ್ಕಿ ವ್ಯಾಪಾರಿ. ಇಪ್ಪತ್ತು ವರ್ಷ ಬಾಡಿಗೆ ಗಾಡಿಯಲ್ಲಿ ಚೀಲ ಹೇರಿಕೊಂಡು ಹರಿಹರ, ಮಲೆಬೆನ್ನೂರಿನ ಅಂಗಡಿಗಳಿಗೆ ಮುಟ್ಟಿಸಿದವನು, ಈ ಯುಗಾದಿಗೆ ಸ್ವಂತದ್ದೊಂದು ಹಳೇ ಪಿಕಪ್ ಕೊಂಡಿದ್ದ. ತಂದ ವಾರದಲ್ಲೇ ಪೇಂಟರ್ ಯೋಗರಾಜನ ಹತ್ತಿರ ಬೋರ್ಡು ಬರೆಸಿದ. ಹಳದಿ ತಗಡು, ಕೆಂಪು ಅಕ್ಷರ: ‘ಎನ್. ನಿಂಗರಾಜು, ಸಗಟು ವ್ಯಾಪಾರಿಗಳು, ದಾವಣಗೆರೆ.’ (‘ಮಂಡಕ್ಕಿ’ ಎಂದು ಬರೆಯಲು ಜಾಗ ಉಳಿಯಲಿಲ್ಲ. ಹೆಸರೇ ಅಷ್ಟು ದಪ್ಪಗಿತ್ತು.) ಪಕ್ಕದ ಮನೆಯಿಂದ ಡ್ರಿಲ್ಲಿಂಗ್ ಮಷಿನ್ ಇಸಕೊಂಡು, ಕ್ಯಾಬಿನ್ನಿನ ನೆತ್ತಿಯ ಮೇಲೆ, ಹಿಂದಿನ ಗಾಜಿಗೆ ಸರಿಯಾಗಿ ಮೇಲ್ಗಡೆ, ನಾಲ್ಕು ಬೋಲ್ಟು ಹಾಕಿ ಆ ಬೋರ್ಡನ್ನು ತಾನೇ ನಿಲ್ಲಿಸಿದ. ಅಂದು ಅವನ ಮುಖದಲ್ಲಿದ್ದ ಕಳೆ ಮದುವೆಯ ದಿನವೂ ಇರಲಿಲ್ಲ.

“ವ್ಯಾಪಾರಿಗಳು ಅಂದ್ರೆ ಯಾರ‍್ಯಾರ‍್ರಿ? ಇರೋದು ನೀವೊಬ್ರೆ ಅಲ್ವಾ?” ಎಂದು ನೇತ್ರಾವತಿ ಕೇಳಿದಳು.

“ಅದು ಗೌರವಕ್ಕೆ ಕಣೆ. ನಿಂಗೆ ತಿಳಿಯಂಗಿಲ್ಲ ಬಿಡು.”

ಜೂನಿನಲ್ಲಿ ಮಳೆ ಹಿಡಿಯಿತು. ಮೊದಲ ದಿನ ಸೀರೆ ತೊಯ್ದಾಗ ನೇತ್ರಾವತಿ ಸುಮ್ಮನಿದ್ದಳು. ಎರಡನೆಯ ದಿನ ಗೊಣಗಿದಳು. ಮೂರನೆಯ ದಿನ ಚೀಲದಿಂದ ಕೊಡೆ ತೆಗೆದು ಕ್ಯಾಬಿನ್ನಿನೊಳಗೇ ಬಿಚ್ಚಿ ಹಿಡಿದು ಕೂತಳು. ಇಡೀ ಬಡಾವಣೆ ನೋಡಿತು. ಸಿಗ್ನಲ್ಲಿನಲ್ಲಿ ಸ್ಕೂಟಿ ನಿಲ್ಲಿಸಿದ್ದ ಇಬ್ಬರು ಮೇಷ್ಟ್ರುಗಳು ಮೊಬೈಲ್ ತೆಗೆದು ಫೋಟೋ ಹೊಡೆದುಕೊಂಡರು.

“ಮಡಚೇ ಅದನ್ನ! ಜನ ಏನಂದಾರು?”

“ಜನ ಏನಾದ್ರೂ ಅನ್ಲಿ. ನಂಗೆ ನೆಗಡಿ ಆದ್ರೆ ಕಷಾಯ ಕಾಸೋಕೆ ಜನ ಬರ್ತಾರೇನ್ರಿ?”

ಅಂದು ಸಂಜೆ ನೇತ್ರಾವತಿ ತೀರ್ಪು ಕೊಟ್ಟಳು. ಗುರುವಾರ ನಂದಿಗುಡಿಯಿಂದ ಅವಳ ತಾಯಿ ಮೈಲಮ್ಮನನ್ನು ಒಂದು ತಿಂಗಳ ಮಟ್ಟಿಗೆ ಕರೆತರಬೇಕಿತ್ತು. “ಅವ್ವನ ಮೈಮ್ಯಾಲೆ ಒಂದು ಹನಿ ಬೀಳ್ಲಿ, ಮಾರನೇ ದಿನವೇ ಈ ಗಾಡಿ ಮಾರೋದು. ಮತ್ತೆ ಬಾಡಿಗೆ ಗಾಡೀಲೇ ಹೋಗೋವ್ರಂತೆ.”

ಇಪ್ಪತ್ತು ವರ್ಷ ಬೇರೆಯವರ ಗಾಡಿಗೆ ಕಾದು ಕಾದು ಸುಸ್ತಾದವನು ನಿಂಗರಾಜು. ಈ ಪಿಕಪ್ಪಿನ ಸ್ಟೇರಿಂಗ್ ಹಿಡಿದಾಗಲೇ ತಾನೂ ಒಬ್ಬ ಮನುಷ್ಯ ಅನ್ನಿಸಿದ್ದು. ಅದನ್ನು ಮಾರುವುದೆ? ಅಂದಿನಿಂದಲೇ ಅವನು ಮಹಾ ಸಂಶೋಧನೆಗೆ ಇಳಿದ.

ನೀರು ಇಳಿಯುವುದು ಹಿಂದಿನ ಗಾಜಿನ ಮೂಲೆಯಿಂದ. ಆದ್ದರಿಂದ ಕಳ್ಳ ಹಿಂದಿನ ಗಾಜೇ. ಇದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಮೊದಲ ದಿನ ಗಾಜಿನ ಸುತ್ತ ಎಂಸೀಲ್ ಮೆತ್ತಿದ. ಮರುದಿನ ಅದರ ಮೇಲೆ ಸಿಲಿಕಾನ್ ಗಮ್ ಹಿಂಡಿದ. ಮೂರನೆಯ ದಿನ ಸೈಕಲ್ ಟ್ಯೂಬು ಸೀಳಿ ಅಂಟಿಸಿದ. ಅಂಗೈಗೆ ಅಂಟಿದ ಗಮ್ಮು ಎರಡು ದಿನ ಬಿಡಲಿಲ್ಲ, ತಟ್ಟೆ ಎತ್ತಿದರೆ ತಟ್ಟೆಯೂ ಕೈಯ ಜೊತೆಗೇ ಬರುತ್ತಿತ್ತು. ಪ್ರತಿ ಸಲವೂ ಮನೆ ಮುಂದೆ ಗಾಡಿ ನಿಲ್ಲಿಸಿ ಜಲಪರೀಕ್ಷೆ. ನೇತ್ರಾವತಿ ಒಳಗೆ ಕೂರಬೇಕು, ನಿಂಗರಾಜು ಹೊರಗಿನಿಂದ ಪೈಪು ಹಿಡಿದು ನೀರು ಬಿಡಬೇಕು. ಬಿಡುವ ಮುಂಚೆ ಮಾತ್ರ ಒಂದು ಕೆಲಸ ಮರೆಯುತ್ತಿರಲಿಲ್ಲ: ಮಂಡಕ್ಕಿ ಚೀಲದ ದೊಡ್ಡ ಪ್ಲಾಸ್ಟಿಕ್ ಹಾಳೆಯನ್ನು ಬೋರ್ಡಿಗೆ ತಲೆಯಿಂದ ಕಾಲಿನವರೆಗೂ ಹೊದಿಸಿ ಹಗ್ಗ ಬಿಗಿಯುತ್ತಿದ್ದ. ಹೊಸ ಬಣ್ಣ ನೋಡಿ, ಪೈಪಿನ ನೀರಿನ ರಭಸಕ್ಕೆ ಅಕ್ಷರ ಎದ್ದು ಹೋದರೆ?

“ಒಂದು ಹನಿ ಬಿತ್ತಾ?”

“ಇಲ್ಲ.”

“ಮತ್ತೆ?” ಎಂದು ಅವನು ಮೀಸೆ ತಿರುವುವನು. ಮರುದಿನ ನಿಜವಾದ ಮಳೆ ಬರುವುದು, ನೇತ್ರಾವತಿ ತೋಯುವಳು.

“ರೀ, ನೀವು ನೀರು ಬಿಡೋದು ಹಿಂದಿನಿಂದ. ಮಳೆ ಮ್ಯಾಲಿಂದ ಬರ್ತೈತೆ” ಎಂದು ಅವಳು ಒಮ್ಮೆ ಹೇಳಿ ನೋಡಿದಳು.

“ಮೆಕ್ಯಾನಿಕಲ್ ವಿಷ್ಯದಾಗೆ ನೀನು ಬಾಯಿ ಹಾಕಬ್ಯಾಡ” ಎಂದ ನಿಂಗರಾಜು. (ಅವನು ಓದಿದ್ದು ಬಿ.ಎ., ಅದೂ ಇತಿಹಾಸ.)

ಬುಧವಾರ ಅವನು ಹರಿಹರದ ಹಯಾತ್ ಸಾಬರ ಅಂಗಡಿಗೆ ಹೋದ. ಮೂವತ್ತು ವರ್ಷದಿಂದ ಲಾರಿ, ಬಸ್ಸುಗಳಿಗೆ ಗಾಜು ಕೂರಿಸುತ್ತ ಬಂದ ಕೈ ಅವರದು. ಗಾಜಿನ ಸುತ್ತ ನಿಂಗರಾಜು ಕಟ್ಟಿದ ಕೋಟೆಯನ್ನು ನೋಡಿ ಅವರು ಕನ್ನಡಕ ಏರಿಸಿದರು.

“ಯಜಮಾನ್ರೆ, ಇದನ್ನ ಮೆತ್ತಿದ್ದು ಯಾರು?”

“ಯಾರೋ... ದಾವಣಗೆರೆ ಕಡೆ ಒಬ್ಬ ಮೆಕ್ಯಾನಿಕ್ಕು” ಎಂದ ನಿಂಗರಾಜು.

“ಅವನ ಹತ್ರ ಮತ್ತೆ ಹೋಗಬ್ಯಾಡ್ರಿ” ಎಂದು ಸಾಬರು ಉಳಿ ಹಿಡಿದು ಅರ್ಧ ದಿನ ಕೆತ್ತಿದರು. ಹೊಸ ರಬ್ಬರ್ ಹಾಕಿ ಗಾಜು ಕೂರಿಸಿದರು. ಮೇಲಿನಿಂದ ನೀರು ಸುರಿಯಲು ಬಕೆಟ್ ಎತ್ತಿದಾಗ ನಿಂಗರಾಜು ಓಡಿ ಬಂದು ಬೋರ್ಡಿಗೆ ಪ್ಲಾಸ್ಟಿಕ್ ಹೊದಿಸಿದ. ಸಾಬರು ಅವನನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿ ನೀರು ಸುರಿದರು. ಒಳಗೆ ಒಂದು ಹನಿಯೂ ಬೀಳಲಿಲ್ಲ.

ಗುರುವಾರ ನಂದಿಗುಡಿಯಿಂದ ಹೊರಟಾಗ ಮೈಲಮ್ಮ ಕಿಟಕಿ ಪಕ್ಕವೇ ಬೇಕೆಂದು ಎಡಗಡೆ ಕೂತಳು. ಗದ್ದೆ ನೋಡಬೇಕಂತೆ. ಎಪ್ಪತ್ತರ ಮುದುಕಿ, ಮಡಿಲಲ್ಲಿ ಮಗಳಿಗೆಂದು ತಟ್ಟಿದ ರೊಟ್ಟಿಯ ಗಂಟು. ನಡುವೆ ನೇತ್ರಾವತಿ, ಕೈಯಲ್ಲಿ ಮಡಚಿದ ಕೊಡೆ. ಮಲೆಬೆನ್ನೂರು ದಾಟಿದ್ದೇ ತಡ, ಧೋ ಎಂದು ಮಳೆ ಸುರಿಯಿತು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಒಳಗೆಲ್ಲ ಬೆಚ್ಚಗೆ, ಒಣಗಿತ್ತು. ನಿಂಗರಾಜುವಿಗೆ ಹಿಗ್ಗು ತಡೆಯಲಾಗಲಿಲ್ಲ.

“ನೋಡಿದ್ರಾ ಅತ್ತೆ? ನಿಮ್ಮ ಮಗಳು ಈ ಗಾಡಿ ಮಾರು ಅಂತಾಳೆ. ಎಲ್ಲೈತೆ ಹನಿ? ತೋರ‍್ಸು ಅನ್ರಿ!”

“ಇನ್ನೂ ಊರು ಮುಟ್ಟಿಲ್ಲ, ಮುಂದೆ ನೋಡ್ಕಂಡು ಓಡಿಸ್ರಿ” ಎಂದಳು ನೇತ್ರಾವತಿ.

ಹರಿಹರದ ಹೊರಗೆ ದೊಡ್ಡ ಹಂಪು. ಮಾತಿನ ಭರದಲ್ಲಿದ್ದ ನಿಂಗರಾಜು ಕೊನೇ ಗಳಿಗೆಯಲ್ಲಿ ಬ್ರೇಕ್ ಒತ್ತಿದ. ಗಾಜಿನ ಮೂಲೆಯ ದಾರಿ ಮುಚ್ಚಿಹೋಗಿ ಅರ್ಧ ಗಂಟೆಯಿಂದ ಚಾವಣಿಯ ಒಳಗಿನ ರೆಕ್ಸಿನ್ನಿನಲ್ಲಿ ತುಂಬಿಕೊಂಡಿದ್ದ ನೀರು ಒಮ್ಮೆಲೇ ಮುಂದೆ ನುಗ್ಗಿ, ಹೊಲಿಗೆ ಬಿಚ್ಚಿ, ಒಂದು ಕೊಡದಷ್ಟು ಮೈಲಮ್ಮನ ನೆತ್ತಿಯ ಮೇಲೆ ಸುರಿಯಿತು. ರೊಟ್ಟಿಯ ಗಂಟೂ ತೋಯ್ದು ತೊಪ್ಪೆಯಾಯಿತು.

ಮೈಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನೇತ್ರಾವತಿ ಈಗ ಪ್ರಯೋಜನವಿಲ್ಲದ ಕೊಡೆಯನ್ನು ಗಂಡನ ಕಡೆಗೆ ಚಾಚಿ, “ಹಯಾತ್ ಸಾಬ್ರ ಅಂಗಡಿಗೆ ನಡೀರಿ” ಎಂದಷ್ಟೇ ಹೇಳಿದಳು.

ಸಾಬರು ತಮ್ಮ ಮನೆಯಿಂದ ಮೈಲಮ್ಮನಿಗೆ ಒಣ ಟವೆಲ್, ಚಹಾ ತರಿಸಿದರು. ಗಾಜಿನ ರಬ್ಬರನ್ನು ಸುತ್ತಲೂ ಒತ್ತಿ ನೋಡಿದರು, ಎಲ್ಲೂ ತೇವ ಇರಲಿಲ್ಲ. ಆಮೇಲೆ ಚಾವಣಿಯ ರೆಕ್ಸಿನ್ ಪೂರ್ತಿ ಎಳೆದು ಕೆಳಗಿಳಿಸಿದರು. ಎಲ್ಲರೂ ತಲೆ ಎತ್ತಿದರು. ತಗಡನ್ನು ತೂರಿ ಬಂದ ನಾಲ್ಕು ಬೋಲ್ಟು. ಒಂದೊಂದರ ತುದಿಯಲ್ಲೂ ಒಂದೊಂದು ಹನಿ, ಬೀಳಲು ಸಿದ್ಧವಾಗಿ ಹೊಳೆಯುತ್ತಿತ್ತು.

“ತೂತಿಗೆ ವಾಷರ್ ಇಲ್ಲ, ಗಮ್ ಇಲ್ಲ” ಎಂದರು ಸಾಬರು. “ಇದನ್ನೂ ಆ ದಾವಣಗೆರೆ ಮೆಕ್ಯಾನಿಕ್ಕೇ ಹಾಕಿದ್ದಾ?”

ನೇತ್ರಾವತಿ ಮಳೆಯಲ್ಲೇ ಹೊರಗಿಳಿದು, ಬೋರ್ಡಿನ ಮುಂದೆ ನಿಂತು ಗಟ್ಟಿಯಾಗಿ ಓದಿದಳು: “ಎನ್. ನಿಂಗರಾಜು.”

ನಿಂಗರಾಜು ನೆಲ ನೋಡಿದ. ನಾಚಿಕೆಗಿಂತ ಹೆಚ್ಚಾಗಿ ಅವನನ್ನು ಕಾಡಿದ್ದು ಭಯ. ಗಾಡಿ ಹೋಯಿತು. ನಾಳೆಯಿಂದ ಮತ್ತೆ ಬೇರೆಯವರ ಗಾಡಿಗೆ ಕಾಯುವುದು. ಅವನ ಕಣ್ಣು ತುಂಬಿದ್ದನ್ನು ಮೈಲಮ್ಮ ಕಂಡಳು.

“ಗಾಡೀದೇನು ತಪ್ಪೈತೆ ನೇತ್ರಾ? ಅದರ ನೆತ್ತಿಗೆ ತೂತು ಹಾಕಿದ್ರೆ ಅದಾದ್ರೂ ಏನು ಮಾಡೀತು?” ಎಂದಳು ಮುದುಕಿ, ಚಹಾ ಹೀರುತ್ತ. “ಗಾಡಿ ಇರ್ಲಿ. ಬೋರ್ಡ್ ಇಳಿಸ್ರಿ. ನಾನಿರೋ ತಿಂಗಳು ನಮ್ಮಿಬ್ರ ಸೀರೆ ಅಳಿಯನೇ ಒಗೀಲಿ. ಏನಪ್ಪಾ ನಿಂಗರಾಜು?”

“ಒಗೀತೀನಿ ಅತ್ತೆ!” ಎಂದ ನಿಂಗರಾಜು. ಅಷ್ಟು ಸಂತೋಷದಿಂದ ಆ ಮಾತನ್ನು ಯಾವ ಗಂಡಸೂ ಹೇಳಿರಲಾರ.

ಸಾಬರು ಬೋಲ್ಟು ಬಿಚ್ಚಿ ನಾಲ್ಕೂ ತೂತು ಮುಚ್ಚಿದರು. ಅಂದಿನಿಂದ ಪಿಕಪ್ಪಿನೊಳಗೆ ಒಂದು ಹನಿ ಬಿದ್ದಿಲ್ಲ. ಇಳಿಸಿದ ಬೋರ್ಡನ್ನು ಎಸೆಯಲು ನಿಂಗರಾಜುವಿಗೆ ಮನಸ್ಸಾಗಲಿಲ್ಲ. ಮೈಲಮ್ಮನೇ ಅದಕ್ಕೊಂದು ಜಾಗ ತೋರಿಸಿದಳು. ಹಿತ್ತಿಲಿನ ಒಗೆಯುವ ಕಲ್ಲಿಗೆ ಮಾಡು ಇರಲಿಲ್ಲ. ನಾಲ್ಕು ಗೂಟ ನೆಟ್ಟು ಬೋರ್ಡನ್ನು ಅವುಗಳ ಮೇಲೆ ಓರೆಯಾಗಿ ಹೊದಿಸಿದರು, ಅಕ್ಷರ ಪಕ್ಕದ ಮನೆಗೆ ಕಾಣುವಂತೆ.

ಭಾನುವಾರ ಬೆಳಿಗ್ಗೆ ಮಳೆ ಹಿಡಿದಿತ್ತು. ಬೋರ್ಡಿನ ಕೆಳಗೆ ಲುಂಗಿ ಎತ್ತಿ ಕಟ್ಟಿದ ನಿಂಗರಾಜು, ಮೈಗೆ ಒಂದು ಹನಿಯೂ ತಾಗದೆ, ಅತ್ತೆಯ ಸೀರೆಯನ್ನು ಹಿಂಡುತ್ತಿದ್ದ. ಗಾಡಿ ಮನೆ ಮುಂದೆ ತನ್ನದಾಗಿಯೇ ನಿಂತಿದೆ ಎಂಬ ನೆಮ್ಮದಿಗೆ ಬಾಯಲ್ಲಿ ಸಿಳ್ಳೆ ಬೇರೆ ಬಂದಿತ್ತು. ಡ್ರಿಲ್ಲಿಂಗ್ ಮಷಿನ್ ಕೊಟ್ಟಿದ್ದ ಪಕ್ಕದ ಮನೆಯ ಶಾಂತಲಾ ಕಾಂಪೌಂಡಿನ ಮೇಲಿಂದ ಇಣುಕಿದಳು. ಬೋರ್ಡು ಓದಿದಳು, ನಿಂಗರಾಜುವನ್ನು ನೋಡಿದಳು, ಒಳಗೆ ಹೋಗಿ ಒಂದು ದೊಡ್ಡ ಗಂಟು ಹೊತ್ತು ತಂದಳು.

“ಅಣ್ಣಾರೆ, ನಮ್ಮವೂ ಎಂಟು ಬೆಡ್‌ಶೀಟ್ ಅದಾವೆ. ಸಗಟು ಅಂತ ಬರ್ಸೀರಲ್ಲ, ಒಂದು ಕೈ ನೋಡ್ರಿ!”

ನಿಂಗರಾಜು ಬಾಯಿ ತೆರೆಯುವ ಮುಂಚೆ ಒಳಗಿನಿಂದ ನೇತ್ರಾವತಿಯ ದನಿ ಬಂತು: “ಇಸಕೊಳ್ರಿ, ಅವರ ಮಷಿನ್ ಇಸಕೊಳ್ಳೋವಾಗ ನಾಚಿಕೆ ಆಗ್ಲಿಲ್ಲ!”

ನಿಂಗರಾಜು ಕೈ ಚಾಚಿ ಗಂಟು ಇಸಕೊಂಡ.