ಉಪ್ಪುಂದದ ಸೆಕೆಯಲ್ಲಿ ಎಸಿ ಇಲ್ಲದ ಕ್ಯಾಂಪಸ್

ಕಟ್ಟಡದ ಕೆಲಸದಲ್ಲಿ ಮರಳು ಸಿಗದ ದಿನ ಕಂಡಿದ್ದೇನೆ, ಆಳು ಸಿಗದ ದಿನವೂ ಕಂಡಿದ್ದೇನೆ. ನಗೆಪಾಟಲಿಗೆ ಮಾತ್ರ ಒಂದು ದಿನವೂ ಬರ ಬಂದಿಲ್ಲ. ನಾನು ಸುಲಭಕ್ಕೆ ನಗುವವನಲ್ಲ ಎಂದು ಮನೆಯಲ್ಲಿ ದೂರು ಇದೆ. ಬಹುಶಃ ಅದಕ್ಕೇ ಇಂಥದ್ದೆಲ್ಲ ಹುಡುಕಿಕೊಂಡು ನನ್ನ ಹತ್ತಿರವೇ ಬರುತ್ತದೆ.

ಉಪ್ಪುಂದದಿಂದ ಬೈಂದೂರಿಗೆ ಹೋಗುವ ದಾರಿಯಲ್ಲಿ, ಕಡಲ ಗಾಳಿ ನೇರ ಬಂದು ತಾಗುವ ಒಂದು ಗುಡ್ಡದ ಮೇಲೆ ಖಾಸಗಿ ವಿಶ್ವವಿದ್ಯಾಲಯವೊಂದರ ಕ್ಯಾಂಪಸ್ ವಿನ್ಯಾಸ ಮಾಡುವ ಕೆಲಸ ನನಗೆ ಬಂತು. ಟ್ರಸ್ಟಿನ ಅಧ್ಯಕ್ಷರು ಊರಿನವರೇ, ಮುಂಬೈಯಲ್ಲಿ ಹೋಟೆಲು ನಡೆಸಿ ದೊಡ್ಡವರಾದವರು. ಕಾರ್ಬನ್ ಕಡಿಮೆಯಾಗಬೇಕು ಎಂದು ಅವರಿಗೂ ಆಸೆ. ನನ್ನ ಷರತ್ತು ಒಂದೇ: ಇಡೀ ಕ್ಯಾಂಪಸ್ಸಿನಲ್ಲಿ ಎಸಿ ಇರಕೂಡದು. ಕೆಂಪು ಮುರಕಲ್ಲಿನ ದಪ್ಪ ಗೋಡೆ, ಎತ್ತರದ ಹಂಚಿನ ಮಾಡು, ಪಡುವಣ ಗಾಳಿಗೆ ಸರಿಯಾಗಿ ಕಿಟಕಿ, ಇಷ್ಟು ಸಾಕು. ಅವರ ಷರತ್ತೂ ಒಂದೇ.

"ಅಡ್ಡಿಲ್ಲೆ ಮರಾಯ್ರೆ. ಆದ್ರೆ ಉದ್ಘಾಟನೆ ದಿನ ಮುಖ್ಯ ಅತಿಥಿ ಒಂದ್ಸಲ ಬೆವರು ಒರ್ಸ್ಕಂಡ್ರೂ ಸೈ, ಮರುದಿನವೇ ಎಲ್ಲಾ ಬದಿ ಎಸಿ."

ಎಸಿ ಬಂದರೆ ಕಿಟಕಿ ಮುಚ್ಚಬೇಕು. ಕಿಟಕಿ ಮುಚ್ಚಿದರೆ ನಾನು ಕಟ್ಟಿದ್ದು ಕಟ್ಟಡವಲ್ಲ, ಮುರಕಲ್ಲಿನ ಡಬ್ಬಿ. ಆದರೂ ಒಪ್ಪಿದೆ. ಲೆಕ್ಕ ಸರಿ ಇದ್ದವನು ಹೆದರಬಾರದು ಎಂಬುದು ನನ್ನ ನಿಲುವು.

ಗಾಜು

ಅಧ್ಯಕ್ಷರಿಗೆ ಸಭಾಂಗಣದ ಎದುರುಗೋಡೆ ಪೂರ್ತಿ ಗಾಜಿನದ್ದೇ ಆಗಬೇಕಿತ್ತು. "ಹೈವೇಯಿಂದ ಕಂಡ್ರೆ ಫಳಫಳ ಹೊಳೀಕ್" ಎಂದು ಹಟ. ಬಿಸಿಲು ಯಾವ ಕೋನದಲ್ಲಿ ಬೀಳುತ್ತದೆ ಎಂದು ನಕ್ಷೆ ಬಿಡಿಸಿ ತೋರಿಸಿದೆ. ನಕ್ಷೆ ಚಂದ ಇದೆ ಎಂದರು, ಗಾಜು ಬಿಡಲಿಲ್ಲ.

ಏಪ್ರಿಲ್ಲಿನ ಒಂದು ಮಧ್ಯಾಹ್ನ, ಬಿಸಿಲಲ್ಲಿ ನಿಂತಿದ್ದ ಅವರ ಹೊಸ ಕಾರಿನಲ್ಲಿ ನಾವಿಬ್ಬರೂ ಕೂತಿದ್ದೆವು. ಇಂಜಿನ್ ಆಫ್ ಮಾಡಿ ಗ್ಲಾಸ್ ಏರಿಸಲು ಡ್ರೈವರಿಗೆ ಹೇಳಿದೆ.

"ಎಂತಕೆ?" ಎಂದರು ಅಧ್ಯಕ್ಷರು.

"ಗಾಜಿನ ವಿಷಯ ಇಲ್ಲೇ ಕೂತು ಮಾತಾಡಿ ಮುಗಿಸುವ" ಎಂದು ಲ್ಯಾಪ್‌ಟಾಪ್ ತೆರೆದೆ.

ಅದು ಆನ್ ಆಗುವಷ್ಟರಲ್ಲಿ ಅವರು ಬಾಗಿಲು ತೆರೆದು ಹೊರಗೆ ಹಾರಿ ನಿಂತು, "ಗಾಜ್ ಬ್ಯಾಡ! ನೀವ್ ಹೇಳ್ದಾಂಗೇ ಮಾಡಿ!" ಎಂದರು. ನಾನು ಇನ್ನೂ ಏನೂ ಹೇಳಿರಲಿಲ್ಲ.

ಆಮೇಲೆ ಅವರು ನನ್ನನ್ನು ಕಾರಿಗೆ ಹತ್ತಿಸಿಕೊಂಡದ್ದಿಲ್ಲ. ಡ್ರೈವರಂತೂ ನನ್ನನ್ನು ದೂರದಿಂದ ಕಂಡರೆ ಸಾಕು, ಇಂಜಿನ್ ಸ್ಟಾರ್ಟ್ ಮಾಡಿ ಇಟ್ಟುಕೊಳ್ಳುತ್ತಾನೆ.

ಪ್ಲಾಸ್ಟರ್ ಇಲ್ಲದ ಗೋಡೆ

ಮುರಕಲ್ಲಿನ ಗೋಡೆಯನ್ನು ಹಾಗೆಯೇ ಬಿಟ್ಟೆ. ಸಿಮೆಂಟು ಉಳಿಯಿತು, ಬಣ್ಣ ಉಳಿಯಿತು, ನೋಡಲೂ ಗಂಭೀರ. ಗೇಟಿನ ಎದುರು ಮನೆಯ ಅಮ್ಮ ದಿನಾ ನೋಡಿ ನೋಡಿ ಕೊನೆಗೆ ಕೇಳಿಯೇ ಬಿಟ್ಟರು.

"ಹ್ವಾಯ್ ಇಂಜಿನಿಯರ್ರೆ, ಪ್ಲಾಸ್ಟರ್ ಯಾವತ್ತ್?"

"ಪ್ಲಾಸ್ಟರ್ ಇಲ್ಲ ಅಮ್ಮ. ಹೀಗೇ ಬಿಡುವುದು."

"ಅಯ್ಯೋ! ದುಡ್ಡ್ ಖಾಲಿ ಆಯ್ತಾ?"

ಸಿಮೆಂಟ್ ತಯಾರಿಸುವಾಗ ಎಷ್ಟು ಹೊಗೆ ಏಳುತ್ತದೆ, ಅದರಿಂದ ಭೂಮಿ ಹೇಗೆ ಬಿಸಿಯಾಗುತ್ತದೆ ಎಂದು ನಿಂತಲ್ಲೇ ವಿವರಿಸಿದೆ. ಅವರು ಅಡ್ಡ ಮಾತಾಡದೆ ಪೂರ್ತಿ ಕೇಳಿದರು. ಕೇಳಿ, ದನಿ ತಗ್ಗಿಸಿ, "ಬೇಜಾರ್ ಮಾಡ್ಕಣ್ಬೇಡಿ. ಎಲ್ರಿಗೂ ಒಂದೊಂದ್ ಸಲ ಕಷ್ಟ ಬತ್ತ್" ಎಂದು ಸಮಾಧಾನ ಹೇಳಿದರು.

ವಾರ ಕಳೆಯುವುದರೊಳಗೆ ಶಿರೂರಿನಿಂದ ಬ್ರಹ್ಮಾವರದ ತನಕ ಸುದ್ದಿ: ಅಧ್ಯಕ್ಷರ ಮುಂಬೈ ಹೋಟೆಲು ಮುಳುಗಿತು, ಪ್ಲಾಸ್ಟರಿಗೂ ಗತಿಯಿಲ್ಲ. ಬ್ರಹ್ಮಾವರದಲ್ಲಿ ಅವರ ಮಗಳಿಗೆ ಒಂದು ಸಂಬಂಧ ಮಾತಾಡಿದ್ದರಂತೆ. ಗಂಡಿನ ಕಡೆಯವರು ನಯವಾಗಿ, "ವ್ಯಾಪಾರ ಎಲ್ಲ ಹೇಂಗಿತ್ತ್?" ಎಂದು ಫೋನು ಮಾಡಿದರಂತೆ.

ಅಧ್ಯಕ್ಷರು ನನಗೆ ಫೋನು ಮಾಡಿದರು, ನಯವಾಗಿ ಅಲ್ಲ. "ನಿಮ್ಮ್ ಗೋಡೆಯಿಂದ ನನ್ನ್ ಮಗಳ್ ಸಂಬಂಧ ತಪ್ಪಿ ಹೋತಿತ್ತ್ ಕಾಣಿ! ಎದ್ರಿಗಾದ್ರೂ ಒಂಚೂರ್ ಪ್ಲಾಸ್ಟರ್ ಮಾಡಿ!"

ನಾನು ಆಗದು ಎಂದೆ. ಅವರು ಬೇರೆ ದಾರಿ ಕಂಡುಕೊಂಡರು. ಯಾವ ಕೊರತೆಯೂ ಇಲ್ಲದ ತಮ್ಮ ಮನೆಯ ಪ್ಲಾಸ್ಟರ್ ಕೆತ್ತಿಸಿ ಹೊಸದಾಗಿ ಮಾಡಿಸಿದರು, ಬಣ್ಣ ಬಳಿಸಿದರು, ಕಂಪೌಂಡಿಗೂ ಟೈಲ್ಸ್ ಹಾಕಿಸಿದರು. ಸಂಬಂಧ ಕೂಡಿಬಂತು. ಆ ಸಿಮೆಂಟನ್ನೆಲ್ಲ ನನ್ನ ಕ್ಯಾಂಪಸ್ಸಿನ ಕಾರ್ಬನ್ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂದು ನನಗೆ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ.

ಗಾಳಿ

ಉದ್ಘಾಟನೆಗೆ ಮೊದಲೇ ಕುಲಸಚಿವರ ಕಚೇರಿ ಶುರುವಾಯಿತು. ಶುರುವಾದ ಮೂರನೆಯ ದಿನಕ್ಕೇ ದೂರು: ಒಳಗೆ ಕೂರಲಾಗದಷ್ಟು ಸೆಕೆ. ಕಚೇರಿಯೇ ಹೀಗಾದರೆ ಸಭಾಂಗಣದ ಗತಿ?

ಹೋಗಿ ನೋಡಿದರೆ ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿವೆ. ಮೇಲೆ ಫ್ಯಾನು ಗಿರಗಿರ ತಿರುಗುತ್ತಿದೆ.

"ಕಿಟಕಿ ಯಾಕೆ ಮುಚ್ಚಿದ್ದೀರಿ?" ಎಂದು ಅಲ್ಲಿದ್ದ ಗುಮಾಸ್ತರನ್ನು ಕೇಳಿದೆ.

"ಗಾಳಿ ಬರುತ್ತದೆ ಸಾರ್."

"ಬರಲಿ ಅಂತಲೇ ಇಟ್ಟದ್ದು."

"ಕಾಗದ ಹಾರುತ್ತದೆ ಸಾರ್."

ಮೇಜಿನ ಮೇಲೆ ಸಾಲಾಗಿ ಪೇಪರ್‌ವೇಟುಗಳಿದ್ದವು. ಅದನ್ನು ತೋರಿಸಿದೆ. ಅವರು ನನ್ನನ್ನು ಸಣ್ಣ ಮಗುವನ್ನು ನೋಡುವಂತೆ ನೋಡಿ ಹೇಳಿದರು:

"ಅದು ಫ್ಯಾನಿಗೆ ಅಂತ ಮಂಜೂರಾದದ್ದು ಸಾರ್. ಕಿಟಕಿಗೆ ಬೇರೆ ಇಂಡೆಂಟ್ ಹಾಕಬೇಕು."

ಸನ್ಮಾನ

ಉದ್ಘಾಟನೆಗೆ ಅಧ್ಯಕ್ಷರು ಬೇಕೆಂದೇ ಮೇ ತಿಂಗಳು ಹಿಡಿದರು, ಅದೂ ಊಟದ ನಂತರದ ಹೊತ್ತು. ಊಟ ಅವರ ಹೋಟೆಲಿನ ಅಡುಗೆಯವರದ್ದೇ. ಹೋಳಿಗೆಯೂ ಪಾಯಸವೂ ಬೇಡ ಎಂದಷ್ಟೂ ಬಡಿಸುತ್ತಿದ್ದರು. ಸಭಾಂಗಣದ ಎದುರು ಸಾಲಿನಲ್ಲಿ ಕುಂದಾಪುರದ ಎಸಿ ವ್ಯಾಪಾರಿಯೊಬ್ಬರು ಮಡಿಲಲ್ಲಿ ಅಳತೆ ಟೇಪು ಇಟ್ಟುಕೊಂಡು ಕೂತಿದ್ದರು. ಅಧ್ಯಕ್ಷರೇ ಕರೆಸಿದ್ದು. "ನಾಳೆ ತಂಕ ಎಂತಕೆ ಕಾಯುದ್? ಇವತ್ತೇ ಅಳತೆ ಆಯ್ಲಿ" ಎಂದು ನನ್ನ ಕಿವಿಯಲ್ಲಿ ಹೇಳಿ ವೇದಿಕೆ ಹತ್ತಿದರು.

ಕಡಲ ಗಾಳಿ ಹೇಳಿದ ಮಾತಿಗೆ ತಪ್ಪಲಿಲ್ಲ. ಪಡುವಣ ಕಿಟಕಿಯಿಂದ ಬಂದು, ಸಭಿಕರ ನಡುವೆ ಹಾದು, ಮಾಡಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಆಮಂತ್ರಣ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುವವರು ಒಬ್ಬರೂ ಇಲ್ಲ. ಗೋಡೆಗೆ ಒರಗಿ ನಿಂತು, ಬಹಳ ವರ್ಷಗಳ ಮೇಲೆ, ನನಗೆ ನಾನೇ ಭೇಷ್ ಅಂದುಕೊಂಡೆ.

ಆಗ ಸನ್ಮಾನ ಶುರುವಾಯಿತು.

ಮುಖ್ಯ ಅತಿಥಿಗಳು ನಿವೃತ್ತ ಕುಲಪತಿಗಳು, ಸ್ವಲ್ಪ ದಪ್ಪ ದೇಹ. ಮೊದಲು ವಿಶ್ವವಿದ್ಯಾಲಯದ ವತಿಯಿಂದ ಪೇಟ, ಹಾರ, ಶಾಲು. ಆಮೇಲೆ ಪಂಚಾಯತಿನವರ ಶಾಲು. ಯುವಕ ಮಂಡಲದ ಶಾಲು. ಮೀನುಗಾರರ ಸಂಘದವರದ್ದು, ಮಹಿಳಾ ಮಂಡಲದವರದ್ದು. ನಮ್ಮಲ್ಲಿ ಹೊದಿಸಿದವರ ಎದುರು ಶಾಲು ತೆಗೆದಿಡುವಂತಿಲ್ಲ, ಬೇಜಾರಾಗುತ್ತದೆ. ಹೊದಿಸಿದವರೆಲ್ಲ ಎದುರೇ ಕೂತಿದ್ದಾರೆ. ಅತಿಥಿಗಳಲ್ಲಿ ಕಡೆಗೆ ಕಾಣುತ್ತಿದ್ದದ್ದು ಕನ್ನಡಕ ಮಾತ್ರ.

ಅವರು ಭಾಷಣಕ್ಕೆ ಎದ್ದರು. ಶಾಲುಗಳ ಒಳಗಿನಿಂದ ಹೇಗೋ ಒಂದು ಕೈ ಹೊರಗೆ ಬಂತು. ಅದರಲ್ಲಿ ಕರ್ಚೀಫು ಇತ್ತು. ಹಣೆ ಒರೆಸಿಕೊಂಡರು.

ಅಧ್ಯಕ್ಷರು ವೇದಿಕೆಯಿಂದಲೇ ನನ್ನತ್ತ ನೋಡಿದರು. ಷರತ್ತಿನಲ್ಲಿ ಶಾಲಿನ ಮಾತು ಇರಲಿಲ್ಲ, ನಿಜ. ಆದರೆ ಆಡಿದ ಮಾತಿಗೆ ಆಮೇಲೆ ತಿದ್ದುಪಡಿ ಹಾಕುವವನು ನಾನಲ್ಲ. ಆಯಿತು ಎಂದು ತಲೆಯಾಡಿಸಿದೆ.

ಅಧ್ಯಕ್ಷರು ಎಸಿ ವ್ಯಾಪಾರಿಯತ್ತ ಮುಂದೆ ಬಗ್ಗಿದರು. ತಮ್ಮ ಎದುರಿನ ಮೈಕು ಆನ್ ಇದ್ದದ್ದು ಅವರಿಗೆ ನೆನಪಿರಲಿಲ್ಲ.

"ಹ್ವಾಯ್, ಏಳಿ, ಏಳಿ. ಅಳತೆ ತೆಗೀರಿ."

ಎಸಿ ವ್ಯಾಪಾರಿ ಏಳಲಿಲ್ಲ. ಹೋಳಿಗೆ ಊಟ, ತಣ್ಣನೆಯ ಗಾಳಿ. ಪಕ್ಕದವರ ಹೆಗಲಿಗೆ ತಲೆ ಕೊಟ್ಟು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಪಕ್ಕದವರು ಅಲುಗಾಡಿಸಿದರು. ವ್ಯಾಪಾರಿ ಕಣ್ಣು ತೆರೆಯಲಿಲ್ಲ. ಎರಡೂ ಕೈಯನ್ನು ಕಂಕುಳಿಗೆ ಸೇರಿಸಿಕೊಂಡು, ಇಡೀ ಸಭೆಗೆ ಕೇಳುವಂತೆ ಹೇಳಿದರು:

"ಎಸಿ ಸ್ವಲ್ಪ ಕಮ್ಮಿ ಮಾಡಿ ಅಣ್ಣ, ಚಳಿ ಆತ್ತ್!"

ಮತ್ತೆ ಅಧ್ಯಕ್ಷರ ದನಿ, ಅದೇ ಮೈಕಿನಲ್ಲಿ:

"ಎಸಿ ಬ್ಯಾಡ ಮರಾಯ್ರೆ. ಅತಿಥಿಗಳ್ ಮೇಲಿಪ್ಪು ಶಾಲ್ ಒಂದ್ ತೆಗ್ದ್ ಇವ್ರಿಗೆ ಹೊದ್ಸಿ!"