ಗಂಗಾಧರಸ್ವಾಮಿಯ ಮಾರ್ಗದರ್ಶನ

"ಎಂಟನೇ ಕ್ಲಾಸು ಅಂದ್ರೆ ಏನ್ ಮಹಾ? ಇನ್ಮೇಲೆ ಚೈತ್ರಂಗೆ ಟ್ಯೂಷನ್ ಬ್ಯಾಡ. ನಾನೇ ಹೇಳ್ಕೊಡ್ತೀನಿ!"

ಚಾಮರಾಜನಗರದ ತಾಲ್ಲೂಕು ಕಚೇರಿಯ ಗುಮಾಸ್ತ ಗಂಗಾಧರಸ್ವಾಮಿ ಮಗಳ ಓದಿನ ಬಗ್ಗೆ ಹೀಗೆ ರಾಜಾಜ್ಞೆ ಹೊರಡಿಸಿದಾಗ, ಅವರೆಕಾಳು ಬಿಡಿಸುತ್ತಿದ್ದ ಹೆಂಡತಿ ಪವಿತ್ರ ತಲೆ ಎತ್ತಲೂ ಇಲ್ಲ.

ಸೋಮವಾರ ಬೀಜಗಣಿತದ ಎಕ್ಸು, ವೈ ಎರಡೂ ಸೇರಿಕೊಂಡು ಅವನಿಗೆ ಮಣ್ಣು ಮುಕ್ಕಿಸಿದವು. ಮಂಗಳವಾರ ಇಂಗ್ಲಿಷ್ ಪದ್ಯ ಬಂತು. ಅವನಿಗೆ ಆಕಳಿಕೆ ಬಂತು. ಬುಧವಾರ ಮಾರಲ್ ಸೈನ್ಸ್. ಕಾನ್ವೆಂಟಿನ ಸಿಸ್ಟರ್ ಬೆನಿಟಾ ಕೊಟ್ಟಿದ್ದ ಪ್ರಶ್ನೆ: 'ಜಂಬ ಏಕೆ ಒಳ್ಳೆಯದಲ್ಲ?' "ಇದು ಸುಲಭ ಕಣಮ್ಮಿ, ನೀನೇ ಬರ್ಕೊ" ಎಂದು ಜಾರಿಕೊಂಡ.

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ. ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ! ಚೈತ್ರಳ ಪಾಲಿಗೆ ಬಂದದ್ದು ರೇಷ್ಮೆ ಹುಳುವಿನ ಜೀವನಚಕ್ರ. ಇಪ್ಪತ್ತೈದು ಅಂಕ.

"ಹರದನಹಳ್ಳಿ ರೇಷ್ಮೆ ಮನೇಲಿ ಹುಟ್ಟಿದೋನು ನಾನು! ಹುಳಕ್ಕೆ ನಾನು ಹೇಳ್ಕೊಡ್ತೀನಿ, ಗೂಡು ಕಟ್ಟೋದು ಹೆಂಗೆ ಅಂತ!"

ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ಹುಳು ಸಾಕಿದ್ದು ಅವನ ಅವ್ವ ದೊಡ್ಡಮಾದಮ್ಮ. ಇವನು ಉಂಡು ಮಲಗಿದ್ದಷ್ಟೇ. ಆದರೆ ಇದರಲ್ಲೂ ಸೋತರೆ ಮಗಳ ಮುಂದೆ ಅಪ್ಪ ಅನ್ನಿಸಿಕೊಳ್ಳುವುದು ಹೇಗೆ? ಚಾರ್ಟ್ ತಂದು, ಎಲ್ಲಕ್ಕಿಂತ ಮೊದಲು, ಅಳಿಸಲಾಗದ ಶಾಯಿಯಲ್ಲಿ, ಅಂಗೈ ಅಗಲದ ಅಕ್ಷರಗಳಲ್ಲಿ ಬರೆದ: 'ಮಾರ್ಗದರ್ಶನ: ಗಂಗಾಧರಸ್ವಾಮಿ.'

ಶನಿವಾರ ಹರದನಹಳ್ಳಿಗೆ ಹೋದ ಅಪ್ಪ ಮಗಳಿಗೆ ದೊಡ್ಡಮಾದಮ್ಮ ಒಂದು ಮೊರದಲ್ಲಿ ಐವತ್ತು ದಪ್ಪ ಹುಳು, ಒಂದು ಮೂಟೆ ಹಿಪ್ಪುನೇರಳೆ ಸೊಪ್ಪು, ಒಂದು ಪುಟ್ಟ ಚಂದ್ರಿಕೆ ಕೊಟ್ಟು ಕಳಿಸಿದಳು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲು ಹೆಣೆದ ಬಿದಿರಿನ ತಟ್ಟೆ.

"ಲೋ ಗಂಗಾ, ಉಳ ಇನ್ನೇನು ಅಣ್ಣಾಯ್ತವೆ ಕಣ್ಲಾ, ಗೂಡು ಕಟ್ಟೋ ಒತ್ತು. ಮೈ ಅಳದಿಯಾಗಿ ತಲೆ ಎತ್ತುದ್ರೆ ತಕ್ಷಣ ಚಂದ್ರಿಕೆಗೆ ಬುಡು."

"ನಂಗೆ ಗೊತ್ತು ಬುಡವ್ವ!"

ಭಾನುವಾರ ಬೆಳಗ್ಗೆ ಎಲ್ಲರೂ ಗುಂಡ್ಲುಪೇಟೆಗೆ ಮದುವೆಗೆ ಹೊರಟಿದ್ದರು. ಮೊರದಲ್ಲಿ ಒಂದು ಹುಳುವೂ ಸೊಪ್ಪು ಮುಟ್ಟಿರಲಿಲ್ಲ. ಎಲ್ಲವೂ ತಲೆ ಎತ್ತಿ ಕುಳಿತಿದ್ದವು.

"ಅಪ್ಪಾಜಿ, ಅಜ್ಜಿ ಹೇಳಿದ್ದು ಇದೇ ಅಲ್ವಾ?"

"ಇದು ಜ್ವರ ಕಣಮ್ಮಿ! ಪೊರೆ ಬಿಡೋಕೆ ಮುಂಚೆ ಹುಳ ಮೇವು ಬುಟ್ಟು ಹಿಂಗೇ ಕೂರ್ತವೆ, ಅದಕ್ಕೆ ಜ್ವರ ಅಂತಾರೆ. ಮುಟ್ಟಬಾರ್ದು. ಒಂದು ದಿನ ಮಿಸುಕಾಡಲ್ಲ."

"ಮೈ ಹಳದಿ ಆಗಿದ್ಯಲ್ರೀ?" ಎಂದಳು ಪವಿತ್ರ.

"ಬಿಸಿಲು ಬಿದ್ದು ಹಂಗೆ ಕಾಣ್ತದೆ. ನಡಿ, ಬಸ್ ಹೊಂಟೋಯ್ತದೆ!"

ಸಂಜೆ ಬಾಗಿಲು ತೆರೆದರೆ ಮೊರ ಖಾಲಿ!

ಜ್ವರ ಬಂದವರು ಒಬ್ಬರೂ ಮನೆಯಲ್ಲಿ ಮಲಗಿರಲಿಲ್ಲ. ನಾಲ್ಕು ಹುಳು ಮಾದಪ್ಪನ ಫೋಟೋ ಹಿಂದೆ ಆಶ್ರಯ ಪಡೆದಿದ್ದವು. ಆರು ಪವಿತ್ರಳ ಪೊರಕೆಯಲ್ಲಿ. ಒಂದು ಟೆಲಿಫೋನಿನ ರಿಸೀವರ್ ಕೆಳಗೆ ಎಳೆ ಸುತ್ತುತ್ತಿತ್ತು. ಗೂಟಕ್ಕೆ ನೇತು ಹಾಕಿದ್ದ, ಇದ್ದೊಂದೇ ಕಚೇರಿ ಅಂಗಿಯ ಜೇಬು ಭರ್ತಿ! ಇನ್ನು ಅವನ ಕಪ್ಪು ಬೂಟು, ಸ್ಟ್ಯಾಂಡಿನ ಮೇಲಿದ್ದ ಒಂದೇ ಒಂದು ಜೊತೆ, ಎರಡರಲ್ಲೂ ಎಡಬಲ ನೋಡದೆ ಹನ್ನೆರಡು ಹುಳುಗಳು ಸಂಸಾರ ಹೂಡಿದ್ದವು.

ಪಕ್ಕದ ಮನೆಯಿಂದ ಅವ್ವನಿಗೆ ಫೋನು ಹೋಯಿತು.

"ಎಳೆ ಬುಟ್ಟ ಮೇಲೆ ಕದಲುಸ್ಬ್ಯಾಡ ಕಣ್ಲಾ, ಸತ್ತೋಯ್ತವೆ! ಮೂರು ದಿನ ಮುಟ್ಬ್ಯಾಡ!"

ಮೂರು ದಿನ ಪೊರಕೆ ಇಲ್ಲದ ಮನೆಯಲ್ಲಿ, ಫೋನ್ ರಿಂಗಾದರೂ ಎತ್ತದೆ, ಗಂಗಾಧರಸ್ವಾಮಿ ಮದುವೆಯ ಜರಿ ಅಂಗಿ ತೊಟ್ಟು, ಹವಾಯಿ ಚಪ್ಪಲಿ ಮೆಟ್ಟಿ ಕಚೇರಿಗೆ ಹೋಗಿ ಬಂದ.

"ಬೇಜಾರಾಗ್ಬೇಡಿ ಅಪ್ಪಾಜಿ. ಪ್ರದರ್ಶನ ನಾನು ನೋಡ್ಕೋತೀನಿ" ಎಂದಳು ಮಗಳು. ಅವಳು ಸಮಾಧಾನ ಮಾಡಿದ್ದಕ್ಕೇ ಅವನಿಗೆ ಇನ್ನಷ್ಟು ಸಂಕಟವಾಯಿತು.

ಗುರುವಾರ ಕಾನ್ವೆಂಟಿನ ಸಭಾಂಗಣದಲ್ಲಿ ಪೋಷಕರ ಜಾತ್ರೆ. ಗಂಗಾಧರಸ್ವಾಮಿ ಕಂಬದ ಮರೆಯಲ್ಲಿ ನಿಂತ. ಬೇರೆ ಮಕ್ಕಳ ಮೇಜಿನಲ್ಲಿ ಥರ್ಮಾಕೋಲಿನ ಜ್ವಾಲಾಮುಖಿಗಳು. ಚೈತ್ರಳ ಮೇಜಿನ ಮುಂದೆ ಮಾತ್ರ ನೂಕುನುಗ್ಗಲು! ಪೊರಕೆ, ಅಂಗಿ, ಬೂಟು, ಎಲ್ಲದರಲ್ಲೂ ಹೊನ್ನಿನ ಬಣ್ಣದ ಗೂಡುಗಳು. ನಡುವೆ ಚಂದ್ರಿಕೆ, ಖಾಲಿ. ಚಾರ್ಟಿನಲ್ಲಿ ಅವಳದೇ ಅಕ್ಷರ: 'ಹಣ್ಣಾದ ಹುಳುವನ್ನು ಗುರುತಿಸದಿದ್ದರೆ ಆಗುವ ಅನಾಹುತಗಳು.' ಅದರ ಕೆಳಗೆ, ಎಷ್ಟು ಉಜ್ಜಿದರೂ ಹೋಗದ ಅಂಗೈ ಅಗಲದ ಅಕ್ಷರಗಳು: 'ಮಾರ್ಗದರ್ಶನ: ಗಂಗಾಧರಸ್ವಾಮಿ.'

ಸಿಸ್ಟರ್ ಬೆನಿಟಾ ಕನ್ನಡಕ ಸರಿಮಾಡಿಕೊಂಡು ಓದಿದರು. ನಗು ತಡೆಯಲಾಗದೆ ಕಣ್ಣೊರೆಸಿಕೊಂಡರು. ಇಪ್ಪತ್ತೈದಕ್ಕೆ ಇಪ್ಪತ್ತೈದು! ಮೊದಲ ಬಹುಮಾನ!

ಕಂಬದ ಹಿಂದೆ ಗಂಗಾಧರಸ್ವಾಮಿಯ ಎದೆ ಉಬ್ಬಿತು. ಇನ್ನೇನು ಹೊರಗೆ ಬರಬೇಕು, ಸಿಸ್ಟರ್ ಕೇಳಿದರು:

"ಈ ಮಾರ್ಗದರ್ಶಕರು ಬಂದಿದ್ದಾರಾ ಚೈತ್ರಾ? ಯಾರು ಅವರು?"

ಚೈತ್ರ ಹೆಮ್ಮೆಯಿಂದ, ಇಡೀ ಸಭಾಂಗಣಕ್ಕೆ ಕೇಳುವಂತೆ ಹೇಳಿದಳು:

"ಆ ಕಂಬದ ಹಿಂದೆ ಹವಾಯಿ ಚಪ್ಪಲಿ ಕಾಣ್ತಿದೆಯಲ್ಲ ಸಿಸ್ಟರ್, ಅವರೇ ನಮ್ಮ ಅಪ್ಪಾಜಿ. ಅವರ ಬೂಟು ಇಲ್ಲಿದೆ!"